ತಟ್ಟೆಯ ಮೇಲಿನ ಬೆರಳು

ಕಳೆದ ಬಕ್ರೀದಿಗೆ ಊರಿಗೆ ಬಂದಿದ್ದ ನನ್ನ ಆಪಾಳ ಮಗ ಊಟವಾದ ಮೇಲೆ ಜಗಲಿಗೆ ಬಂದು ನನ್ನ ಪಕ್ಕ ಕೂತ. ಬೆಂಗಳೂರಿನಲ್ಲಿ ವಾರದ ಐದು ದಿನ ಅವನಿಗೆ ಸಾಫ್ಟ್‌ವೇರ್ ಕೆಲಸ, ಶನಿವಾರ ರಾತ್ರಿ ಡಿಜೆ ಕೆಲಸ. ಎರಡನೆಯದು ಅವನ ತಾಯಿಗೆ ಇಷ್ಟವಿಲ್ಲ. ಆ ಜಗಳ ಅವರಿಬ್ಬರದು, ನಾನು ತಲೆ ಹಾಕುವುದಿಲ್ಲ. ಅವತ್ತು ಅವನು ತಂದಿದ್ದು ಬೇರೊಂದು ಸಂಕಟ.

ಹಿಂದಿನ ವಾರ ಒಂದು ಕಡೆ ಅವನಿಗಿಂತ ಮೊದಲು ಹಾಡು ಹಾಕಿದವರು ಐವತ್ತರ ಹತ್ತಿರದ ಒಬ್ಬ ಹಿರಿಯ ಡಿಜೆಯಂತೆ. ವಿನೈಲ್ ತಟ್ಟೆ ಬಿಟ್ಟು ಬೇರೇನನ್ನೂ ಮುಟ್ಟದವರು. ತಮ್ಮ ಪೆಟ್ಟಿಗೆಗೆ ತಟ್ಟೆಗಳನ್ನು ಜೋಡಿಸಿಕೊಳ್ಳುತ್ತಾ ಇವನ ಲ್ಯಾಪ್‌ಟಾಪಿನ ಕಡೆ ನೋಡಿ, ‘ನೀನು ಹಾಡು ಹಾಕೋದಿಲ್ಲ ಕಣಪ್ಪ, ಅದು ಹಾಕುತ್ತೆ. ನೀನು ಪಕ್ಕದಲ್ಲಿ ನಿಂತಿರ್ತೀಯ ಅಷ್ಟೆ’ ಎಂದರಂತೆ. ಸುತ್ತ ಇದ್ದವರು ನಕ್ಕರಂತೆ.

‘ನಾನು ಮಾಡ್ತಿರೋದು ಮೋಸಾನಾ ಮಾಮು?’

ಕಥೆ ಬರೆಯುವವನ ಬಳಿ ಇಂಥ ಪ್ರಶ್ನೆಗಳಿಗೆ ಉತ್ತರ ಇರುತ್ತದೆ ಎಂದು ಮನೆಯ ಮಕ್ಕಳು ಯಾಕೆ ತಿಳಿಯುತ್ತಾರೋ ಗೊತ್ತಿಲ್ಲ. ‘ಇಲ್ಲ ಬೇಟಾ’ ಎಂದು ಹೇಳಿ ಕಳಿಸಿದೆ. ಅವನು ಹೋದ ಮೇಲೆ ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು. ಯಂತ್ರವೊಂದು ಕೈಯ ಶ್ರಮವನ್ನು ಕಸಿದುಕೊಂಡ ಮೇಲೆ ಆ ಕೆಲಸ ಯಾರದು? ಕಷ್ಟಪಟ್ಟು ಮಾಡಿದ್ದು ಮಾತ್ರ ಪ್ರಾಮಾಣಿಕವೇ?

ಡಿಜೆ ಎಂದ ಕೂಡಲೆ ನಮ್ಮಲ್ಲಿ ನೆನಪಾಗುವುದು ಮೆರವಣಿಗೆಯಲ್ಲಿ ಎದೆ ನಡುಗಿಸುತ್ತ ಹೋಗುವ ಲಾರಿ. ಇಲ್ಲಿನ ಮಾತು ಅದಲ್ಲ. ಇಲ್ಲಿ ಎರಡು ತಟ್ಟೆಗಳು ಅಕ್ಕಪಕ್ಕ ತಿರುಗುತ್ತಿರುತ್ತವೆ. ಒಂದರ ಹಾಡು ಜನರಿಗೆ ಕೇಳುತ್ತಿರುತ್ತದೆ, ಇನ್ನೊಂದರದು ಡಿಜೆಯ ಒಂದು ಕಿವಿಯ ಹೆಡ್‌ಫೋನಿಗೆ ಮಾತ್ರ. ಮೊದಲನೆಯದು ನಿಮಿಷಕ್ಕೆ 127 ತಾಳದ ಪೆಟ್ಟು, ಎರಡನೆಯದು 124 ಎಂದುಕೊಳ್ಳಿ. ಎರಡನೆಯ ತಟ್ಟೆಯ ವೇಗವನ್ನು ಶೇಕಡಾ 2.4ರಷ್ಟು ಏರಿಸಬೇಕು. ಪಕ್ಕದಲ್ಲೊಂದು ಜಾರುವ ಪಟ್ಟಿ ಇರುತ್ತದೆ, ಕಿವಿಯ ಅಂದಾಜಿನ ಮೇಲೆ ಅದನ್ನು ಕೂದಲೆಳೆಯಷ್ಟು ಸರಿಸಬೇಕು. ತಟ್ಟೆ ಹಿಂದೆ ಬಿದ್ದರೆ ಬೆರಳಿನಿಂದ ಮುಂದೆ ತಳ್ಳಬೇಕು, ಮುಂದೆ ಓಡಿದರೆ ಅಂಚು ಸವರಿ ತಡೆಯಬೇಕು. ಎರಡೂ ಒಂದೇ ಹೆಜ್ಜೆಗೆ ಬಂದಾಗ ಒಂದರೊಳಗಿಂದ ಇನ್ನೊಂದು ಹಾಡು ಹುಟ್ಟಿ ಬರುತ್ತದೆ, ಕುಣಿಯುವವರ ಕಾಲು ನಿಲ್ಲುವುದಿಲ್ಲ. ತಪ್ಪಿದರೆ ಎರಡು ಹಾಡುಗಳು ಡಿಕ್ಕಿ ಹೊಡೆದ ಸದ್ದು ಇಡೀ ಸಭೆಗೆ ಕೇಳುತ್ತದೆ. ಇದನ್ನು ಕಲಿಯಲು ತಿಂಗಳುಗಳು ಬೇಕು. ಕೆಲವರಿಗೆ ವರ್ಷಗಳು.

ಈಗ ಅದಕ್ಕೊಂದು ಬಟನ್ ಇದೆ, ಹೆಸರು ಸಿಂಕ್. ಕಂಪ್ಯೂಟರಿನ ತಂತ್ರಾಂಶಗಳಲ್ಲಿ ಮೊದಲೇ ಇದ್ದ ಈ ಸೌಲಭ್ಯ 2012ರಲ್ಲಿ ಪಯೋನಿಯರ್ ಕಂಪನಿಯ ಸಿಡಿಜೆ-2000 ನೆಕ್ಸಸ್ ಯಂತ್ರದ ಮೈಮೇಲೂ ಬಂತು. ಒತ್ತಿದರೆ ಸಾಕು, ಎರಡು ಹಾಡುಗಳ ತಾಳ ಕೂಡಿಕೊಳ್ಳುತ್ತದೆ. ಹಿರಿಯರ ಕೋಪಕ್ಕೆ ಕಾರಣವಿಲ್ಲದಿಲ್ಲ.

ಆದರೆ ಈ ಕಸುಬು ಬೆಳೆದ ಜಾಗಗಳಲ್ಲೊಂದಕ್ಕೆ ಹೋಗಿ ನೋಡಿದರೆ ಕಥೆ ಬೇರೆಯೇ ಇದೆ. ಅದು ನ್ಯೂಯಾರ್ಕಿನ ಬ್ರಾಂಕ್ಸ್, ಬಡ ಕರಿಯರು ಮತ್ತು ಲ್ಯಾಟಿನೋಗಳು ತುಂಬಿದ್ದ ಕೇರಿ. 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕೆಂದು ಒಂದು ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಹಾಡು ಹಾಕಿದವನು ಅವಳ ಅಣ್ಣ ಕ್ಲೈವ್, ಜಮೈಕಾದಿಂದ ವಲಸೆ ಬಂದವನು, ಕೂಲ್ ಹರ್ಕ್ ಎಂದು ಹೆಸರಾದವನು. ಹಾಡು ನಿಂತು ಬರೀ ಡೋಲು ಬಾರಿಸುವ ಕೆಲವೇ ಸೆಕೆಂಡುಗಳಲ್ಲಿ ಜನ ಹುಚ್ಚೆದ್ದು ಕುಣಿಯುತ್ತಾರೆ ಎಂಬುದನ್ನು ಅವನು ಗಮನಿಸಿದ್ದ. ಒಂದೇ ತಟ್ಟೆಯ ಎರಡು ಪ್ರತಿಗಳನ್ನಿಟ್ಟು ಆ ತುಣುಕನ್ನು ಒಂದರ ಹಿಂದೆ ಒಂದು ಹಾಕುತ್ತ ಹೋದ. ಹಿಪ್ ಹಾಪ್ ಎಂದು ಜಗತ್ತು ಇಂದು ಕರೆಯುವ ಸಂಗೀತದ ತೊಟ್ಟಿಲು ಅದು.

ಅವನ ನಂತರ ಬಂದ ಗ್ರ್ಯಾಂಡ್‌ಮಾಸ್ಟರ್ ಫ್ಲಾಶ್ ಎಲೆಕ್ಟ್ರಾನಿಕ್ಸ್ ಕಲಿತಿದ್ದ ಹುಡುಗ. ಮೇಣದ ಬಳಪದಿಂದ ತಟ್ಟೆಯ ಮೇಲೆ ಗುರುತು ಹಾಕಿ, ಡೋಲಿನ ತುಣುಕು ಎಲ್ಲಿ ಶುರುವಾಗುತ್ತದೆ, ಎಷ್ಟು ಸುತ್ತು ಹಿಂದೆ ತಿರುಗಿಸಬೇಕು ಎಂದು ಲೆಕ್ಕ ಕಟ್ಟಿದ. ಅದಕ್ಕಾಗಿ ಅವನು ತಟ್ಟೆಯ ಮೇಲೆ ನೇರವಾಗಿ ಬೆರಳಿಟ್ಟ. ಆ ಕಾಲದಲ್ಲಿ ಅದು ಮಹಾಪರಾಧ. ತಟ್ಟೆಯನ್ನು ಅಂಚಿನಲ್ಲಿ ಹಿಡಿಯಬೇಕು, ಗೀರುಗಳಿಗೆ ಬೆರಳು ತಾಕಬಾರದು ಎಂಬುದು ರೆಕಾರ್ಡುಪ್ರಿಯರ ಮೊದಲ ಪಾಠ. ಗ್ರ್ಯಾಂಡ್ ವಿಜರ್ಡ್ ಥಿಯೊಡೊರ್ ಎಂಬ ಇನ್ನೊಬ್ಬ ಹುಡುಗ, ಅಮ್ಮ ಬಂದು ಬೈಯುವಾಗ ತಿರುಗುವ ತಟ್ಟೆಯನ್ನು ಕೈಯಲ್ಲೇ ಹಿಡಿದು ಹಿಂದೆ ಮುಂದೆ ಆಡಿಸಿದೆ, ಆ ಕರಕರ ಸದ್ದಿನಿಂದ ಸ್ಕ್ರ್ಯಾಚ್ ಹುಟ್ಟಿತು ಎಂದು ಹೇಳಿಕೊಂಡಿದ್ದಾನೆ. ಸಂಗೀತ ಬಲ್ಲವರ ಕಣ್ಣಿಗೆ ಇವರು ಇನ್ನೊಬ್ಬರ ಹಾಡನ್ನು ಹಾಳುಗೆಡವುವ ಪೋಕರಿಗಳು. ಇಂದು ಯಾವ ಬೆರಳನ್ನು ನಾವು ಕಸುಬಿನ ಶುದ್ಧತೆಯ ಗುರುತು ಎನ್ನುತ್ತಿದ್ದೇವೋ ಅದೇ ಬೆರಳು ಅಂದು ತಪ್ಪು ಮಾಡಿತ್ತು.

ಇನ್ನೂ ಹಿಂದಕ್ಕೆ ಹೋದರೆ ರೆಕಾರ್ಡೇ ಆರೋಪಿಯ ಜಾಗದಲ್ಲಿ ನಿಂತಿರುವುದು ಕಾಣುತ್ತದೆ. 1942ರ ಆಗಸ್ಟಿನಿಂದ ಅಮೆರಿಕದ ವಾದ್ಯಗಾರರ ಸಂಘ ತನ್ನ ಅಧ್ಯಕ್ಷ ಜೇಮ್ಸ್ ಪೆಟ್ರಿಲೋ ಮುಂದಾಳತ್ವದಲ್ಲಿ ರೆಕಾರ್ಡ್ ಕಂಪನಿಗಳಿಗೆ ನುಡಿಸುವುದನ್ನೇ ನಿಲ್ಲಿಸಿತ್ತು. ದೊಡ್ಡ ಕಂಪನಿಗಳೊಂದಿಗೆ ರಾಜಿಯಾಗಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ರೇಡಿಯೋದಲ್ಲಿ, ಹೋಟೆಲುಗಳಲ್ಲಿ ತಟ್ಟೆ ತಿರುಗಿದಷ್ಟೂ ಜೀವಂತ ವಾದ್ಯಗಾರನ ಅನ್ನ ಹೋಗುತ್ತದೆ ಎಂಬುದು ಅವರ ಅಳಲು. ಅಳಲು ಸುಳ್ಳಾಗಿರಲಿಲ್ಲ. ಅಂದಿನ ಪಿಟೀಲುಗಾರ ಇಂದಿನ ವಿನೈಲ್ ಡಿಜೆಯನ್ನು ನೋಡಿದ್ದರೆ ಏನು ಹೇಳುತ್ತಿದ್ದ? ನೀನು ನುಡಿಸುವುದಿಲ್ಲ, ತಟ್ಟೆ ನುಡಿಸುತ್ತದೆ, ನೀನು ಪಕ್ಕದಲ್ಲಿ ನಿಂತಿರುತ್ತೀಯ ಎಂದೇ ಅಲ್ಲವೇ?

ಈ ಮಾತಿನಿಂದ ವಾದ ಮುಗಿಯಿತು ಎಂದು ನಾನು ಹೇಳುವುದಿಲ್ಲ. ಎಲ್ಲ ಕಾಲದಲ್ಲೂ ಹಳಬರು ಗೊಣಗುತ್ತಾರೆ, ಆದ್ದರಿಂದ ಹಳಬರ ಮಾತಿಗೆ ಬೆಲೆಯಿಲ್ಲ ಎನ್ನುವುದು ಸೋಮಾರಿ ತರ್ಕ. ಪಿಟೀಲುಗಾರ ಕಳೆದುಕೊಂಡಿದ್ದು ನಿಜವಾಗಿಯೂ ಕಳೆದೇ ಹೋಯಿತು. ಈಗ ಏನು ಕಳೆಯುತ್ತಿದೆ ಎಂದು ಕೇಳಬೇಕು.

ದನಿಯ ಗುಣವೇ? ವಿನೈಲ್‌ನಲ್ಲಿ ದನಿ ತುಂಬಿಕೊಂಡಿರುತ್ತದೆ, ಡಿಜಿಟಲ್‌ನಲ್ಲಿ ಹರಿದು ಚೂರಾಗಿರುತ್ತದೆ ಎಂಬ ಮಾತನ್ನು ನಾನೂ ಬಹಳ ಕಾಲ ನಂಬಿದ್ದೆ. ಸಿಡಿ ಒಂದು ಸೆಕೆಂಡಿಗೆ 44,100 ಸಲ ದನಿಯನ್ನು ಅಳೆಯುತ್ತದೆ. ಮನುಷ್ಯನ ಕಿವಿಗೆ ಕೇಳುವ ಎಲ್ಲ ಸ್ವರಗಳಿಗೂ ಅದು ಸಾಕು. ತಟ್ಟೆಗೇ ಮಿತಿ ಹೆಚ್ಚು. ಆಳದ ದನಿ ಜೋರಾದಷ್ಟೂ ಗೀರು ಅಗಲವಾಗಿ ಜಾಗ ತಿನ್ನುತ್ತದೆ, ಮುಳ್ಳು ಒಳಸುತ್ತಿಗೆ ಬಂದಂತೆ ದನಿ ಮಂಕಾಗುತ್ತದೆ, ಪ್ರತಿ ಸಲ ಹಾಕಿದಾಗಲೂ ಗೀರು ಒಂದಿಷ್ಟು ಸವೆಯುತ್ತದೆ. ಹಿಂಡಿ ಸಣ್ಣದು ಮಾಡಿದ ಕಳಪೆ ಎಂಪಿ3 ದೊಡ್ಡ ಸ್ಪೀಕರಿನಲ್ಲಿ ಬೆತ್ತಲಾಗುವುದು ನಿಜ, ಆದರೆ ಅದು ಕಳಪೆ ಫೈಲಿನ ತಪ್ಪು. ವಿನೈಲ್‌ನ ದನಿ ಕೆಲವರಿಗೆ ಪ್ರಿಯ ಎನ್ನೋಣ, ಅಷ್ಟು ಸಾಕು.

ಯಂತ್ರವೇ? ಜಪಾನಿನ ಮತ್ಸುಶಿತ ಕಂಪನಿ 1972ರಲ್ಲಿ ತಂದ ಟೆಕ್ನಿಕ್ಸ್ ಎಸ್‌ಎಲ್-1200, 1979ರಲ್ಲಿ ಅದರ ಎರಡನೇ ಅವತಾರ, ಇವು ಡಿಜೆಗಳ ಪಾಲಿಗೆ ಪಟ್ಟದ ಕುದುರೆಗಳು. 2010ರಲ್ಲಿ ತಯಾರಿಕೆ ನಿಂತಾಗ ಒಂದು ಯುಗ ಮುಗಿಯಿತು ಎಂದರು. 2016ರಲ್ಲಿ ಅದು ಮತ್ತೆ ಬಂತು. 2022ರಲ್ಲಿ ಅಮೆರಿಕದಲ್ಲಿ 4.1 ಕೋಟಿ ವಿನೈಲ್ ತಟ್ಟೆಗಳೂ 3.3 ಕೋಟಿ ಸಿಡಿಗಳೂ ಮಾರಾಟವಾದವು. ಸಾಯುತ್ತಿದೆ ಎಂದವರು ಸತ್ತರು, ತಟ್ಟೆ ಉಳಿಯಿತು. ಆದರೆ ಯಾರ ಕೈಯಲ್ಲಿ? ಬ್ರಾಂಕ್ಸ್‌ನ ಹುಡುಗರು ಹಳೆಯ ತಟ್ಟೆಗಳನ್ನು ಎತ್ತಿಕೊಂಡಿದ್ದು ಅವು ಶುದ್ಧ ಎಂದಲ್ಲ, ಅಗ್ಗ ಎಂದು. ವಾದ್ಯ ಕೊಳ್ಳುವ, ಕಲಿಯುವ ಶಕ್ತಿ ಇಲ್ಲದವರು ಅಪ್ಪನ ರೆಕಾರ್ಡನ್ನೇ ವಾದ್ಯ ಮಾಡಿಕೊಂಡರು. 1977ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಕರೆಂಟು ಹೋಗಿ ಅಂಗಡಿಗಳ ಲೂಟಿಯಾದ ರಾತ್ರಿಯ ನಂತರ ಕೇರಿಯಲ್ಲಿ ದಿಢೀರನೆ ಹೊಸ ಡಿಜೆಗಳು ಕಾಣಿಸಿಕೊಂಡರು ಎಂದು ಆ ತಲೆಮಾರಿನವರೇ ನಗುತ್ತ ಹೇಳುತ್ತಾರೆ. ಇವತ್ತು ಎರಡು ಟರ್ನ್‌ಟೇಬಲ್, ಒಂದು ಮಿಕ್ಸರ್, ನೂರು ತಟ್ಟೆ ಎಂದರೆ ನಮ್ಮ ಹುಡುಗನ ಎಷ್ಟೋ ತಿಂಗಳ ಸಂಬಳ. ಬಡವನ ಉಪಾಯವಾಗಿ ಹುಟ್ಟಿದ್ದು ಉಳ್ಳವರ ಶುದ್ಧಾಚಾರವಾಗಿ, ಲ್ಯಾಪ್‌ಟಾಪ್ ಇರುವ ಹುಡುಗನನ್ನು ಹೊರಗೆ ನಿಲ್ಲಿಸುವ ಬಾಗಿಲಾದರೆ, ಆ ಬಾಗಿಲಿಗೆ ನಾನು ಸಲಾಂ ಹೊಡೆಯಲಾರೆ.

ಹಾಗಾದರೆ ಉಳಿದದ್ದು ಶ್ರಮ. ಇಲ್ಲಿ ನನಗೆ ಉರ್ದು ಶಾಲೆಯ ದಿನಗಳು ನೆನಪಾಗುತ್ತವೆ. ನಮ್ಮ ಉಸ್ತಾದರ ತಮ್ಮ ಕಾತಿಬ್ ಆಗಿದ್ದರು. ಉರ್ದು ಅಚ್ಚಿಗೆ ಹೋಗುವ ಮೊದಲು ಇಡೀ ಪುಸ್ತಕವನ್ನು ಕೈಯಲ್ಲಿ ಬರೆಯುವವರು. ಚೆನ್ನೈಯಲ್ಲಿ 1927ರಲ್ಲಿ ಶುರುವಾದ ‘ಮುಸಲ್ಮಾನ್’ ಪತ್ರಿಕೆ ಈ ಶತಮಾನದಲ್ಲೂ ಕೈಬರಹದಲ್ಲೇ ಹೊರಬಂದದ್ದನ್ನು ಕೆಲವರಾದರೂ ಕೇಳಿರಬಹುದು. ಆದರೆ ಪಾಕಿಸ್ತಾನದಲ್ಲಿ 1981ರಲ್ಲೇ ನೂರಿ ನಸ್ತಾಲೀಕ್ ಎಂಬ ಕಂಪ್ಯೂಟರ್ ಅಕ್ಷರ ಬಂದಿತ್ತು, ಮುಂದೆ ಇನ್‌ಪೇಜ್ ತಂತ್ರಾಂಶ ಬಂತು, ಕಾತಿಬರು ಮನೆಗೆ ಹೋದರು. ನಮ್ಮ ಕಾತಿಬ್ ಸಾಹೇಬರು ಅಕ್ಷರದ ಚಂದ ಹೋಯಿತೆಂದು ಅಳಲಿಲ್ಲ. ಅವರು ಹೇಳಿದ್ದು ಬೇರೆ: ‘ನಾನು ಬರೆಯುವಾಗ ಪ್ರತಿ ಶಬ್ದವನ್ನೂ ಓದುತ್ತಿದ್ದೆ. ಓದದೆ ಬರೆಯಲು ಬರುವುದಿಲ್ಲವಲ್ಲ. ಲೇಖಕನ ತಪ್ಪು ನನಗೆ ಸಿಗುತ್ತಿತ್ತು. ಈಗ ಪುಸ್ತಕವನ್ನು ಯಾರೂ ಓದದೆಯೇ ಪುಸ್ತಕ ಆಗಿಬಿಡುತ್ತದೆ.’

ಈ ಮಾತು ನನಗೆ ಡಿಜೆಯ ಗಂಟನ್ನು ಬಿಡಿಸಿಕೊಟ್ಟಿತು. ಕೈಕೆಲಸದಲ್ಲಿ ಪುಣ್ಯವೇನೂ ಇಲ್ಲ. ಆದರೆ ಕೈ ನಿಧಾನ. ಆ ನಿಧಾನದಲ್ಲಿ ಓದು, ಆಲಿಸುವಿಕೆ, ಪರಿಚಯ ಇವೆಲ್ಲ ಬೇಡವೆಂದರೂ ಆಗಿಬಿಡುತ್ತಿದ್ದವು. ತಟ್ಟೆಯಲ್ಲಿ ಡೋಲಿನ ತುಣುಕು ಹುಡುಕಬೇಕಾದರೆ ಹಾಡನ್ನು ಕೇಳಲೇಬೇಕಿತ್ತು. ಇಂದು ಕಂಪ್ಯೂಟರ್ ಹಾಡಿನ ಅಲೆಯನ್ನು ಚಿತ್ರವಾಗಿ ಬಿಡಿಸಿ, ಎಲ್ಲಿ ಏರು ಎಲ್ಲಿ ಇಳಿತ ಎಂದು ಬಣ್ಣದಲ್ಲಿ ತೋರಿಸುತ್ತದೆ. ಕೇಳದೆಯೇ ಹಾಕಬಹುದು. ತಾನು ಕೇಳದ್ದನ್ನು ನಾಲ್ಕು ನೂರು ಜನರಿಗೆ ಕೇಳಿಸುವುದು, ತಾನು ರುಚಿ ನೋಡದ ಅಡುಗೆಯನ್ನು ಬಡಿಸಿದಂತೆ.

2000ದ ದಶಕದ ಆರಂಭದಲ್ಲಿ ಒಂದು ವಿಚಿತ್ರ ರಾಜಿಯೂ ನಡೆಯಿತು. ಡಚ್ಚರು ಕಂಡುಹಿಡಿದ ಫೈನಲ್ ಸ್ಕ್ರ್ಯಾಚ್, 2004ರಲ್ಲಿ ಬಂದ ಸೆರಾಟೊ ಇಂಥವುಗಳಲ್ಲಿ ತಟ್ಟೆ ಇರುತ್ತದೆ, ಮುಳ್ಳೂ ಇರುತ್ತದೆ, ಆದರೆ ತಟ್ಟೆಯಲ್ಲಿ ಹಾಡಿರುವುದಿಲ್ಲ. ಮುಳ್ಳು ಎಲ್ಲಿದೆ, ಯಾವ ವೇಗದಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಒಂದು ಸಂಕೇತದ ದನಿ ಮಾತ್ರ. ಬೆರಳು ತಟ್ಟೆಯ ಮೇಲೆ, ಹಾಡು ಕಂಪ್ಯೂಟರಿನೊಳಗೆ. ಕೆಲವರು ಇದನ್ನು ಆಷಾಢಭೂತಿತನ ಎಂದರು. ನನಗೆ ಹಾಗನ್ನಿಸುವುದಿಲ್ಲ, ಬೆರಳು ಮಾಡುವ ಕೆಲಸ ಅಲ್ಲಿ ನಿಜವೇ. ಸುಳ್ಳು ಇರುವುದು ಮನೆಯಲ್ಲೇ ಪೂರ್ತಿ ಜೋಡಿಸಿ ತಂದ ಹಾಡುಗಳ ಸರವನ್ನು ಹಾಕಿ, ವೇದಿಕೆಯ ಮೇಲೆ ಗುಂಡಿ ತಿರುಗಿಸುವ ನಟನೆ ಮಾಡುವುದರಲ್ಲಿ. ಅಲ್ಲಿ ಜನರಿಗೆ ಕೊಟ್ಟ ಮಾತು ಮುರಿಯುತ್ತದೆ. ‘ನಿಮ್ಮನ್ನು ನೋಡಿ ಹಾಕುತ್ತಿದ್ದೇನೆ’ ಎಂಬುದೇ ಆ ಮಾತು. ಸಿಂಕ್ ಒತ್ತಿದವನು ಈ ಮಾತನ್ನು ಉಳಿಸಿಕೊಳ್ಳಬಹುದು. ಕಣ್ಣನ್ನು ತಟ್ಟೆಯಿಂದ ಎತ್ತದ ವಿನೈಲ್ ಪಂಡಿತ ಮುರಿಯಬಹುದು.

ಇನ್ನೊಂದು ಋಣದ ಲೆಕ್ಕವೂ ಇದೆ. ಜೇಮ್ಸ್ ಬ್ರೌನ್‌ನ ‘ಫಂಕಿ ಡ್ರಮ್ಮರ್’ ಹಾಡು 1970ರಲ್ಲಿ ಬಂತು. ಅದರಲ್ಲಿ ಡೋಲು ಬಾರಿಸಿದ ಕ್ಲೈಡ್ ಸ್ಟಬಲ್‌ಫೀಲ್ಡನ ಕೆಲವು ಸೆಕೆಂಡುಗಳ ಕೈಚಳಕವನ್ನು ಮುಂದೆ ನೂರಾರು ಹಾಡುಗಳು ಎತ್ತಿಕೊಂಡವು. ಹಾಡಿನ ಕರ್ತೃ ಎಂದು ಅವನ ಹೆಸರು ಇರಲಿಲ್ಲವಾಗಿ ಅವನಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಏನೂ ಇಲ್ಲ. 2017ರಲ್ಲಿ ತೀರಿಕೊಂಡ. ಇದೆಲ್ಲ ನಡೆದದ್ದು ವಿನೈಲ್‌ನ ಬಂಗಾರದ ದಿನಗಳಲ್ಲೇ. ಕೂಲ್ ಹರ್ಕ್ ತನ್ನ ತಟ್ಟೆಗಳ ಹೆಸರಿನ ಚೀಟಿಯನ್ನು ನೀರಿನಲ್ಲಿ ನೆನೆಸಿ ಕಿತ್ತುಬಿಡುತ್ತಿದ್ದ, ಎದುರಾಳಿಗಳಿಗೆ ಯಾವ ಹಾಡೆಂದು ತಿಳಿಯಬಾರದು ಎಂದು. ಹಾಡಿದವನ ಹೆಸರೂ ಅದರ ಜೊತೆ ನೀರಿಗೆ ಹೋಗುತ್ತಿತ್ತು. ಗೆಳೆಯನ ಹಾರ್ಡ್ ಡಿಸ್ಕಿನಿಂದ ಹತ್ತು ಸಾವಿರ ಹಾಡು ಪುಕ್ಕಟೆ ಸುರಿದುಕೊಳ್ಳುವ ಇಂದಿನ ಹುಡುಗ ಯಾವುದೋ ಹೊಸ ಪಾಪ ಮಾಡುತ್ತಿಲ್ಲ. ಹಳೆಯದನ್ನೇ ಹತ್ತು ಸಾವಿರ ಪಟ್ಟು ಮಾಡುತ್ತಿದ್ದಾನೆ.

ತಟ್ಟೆಯ ಪರವಾಗಿ ಹೇಳಬಹುದಾದ ನಿಜವಾದ ಮಾತು ಪೆಟ್ಟಿಗೆಯಲ್ಲಿದೆ ಎಂದು ನನಗೆ ತೋರುತ್ತದೆ. ಎಂಬತ್ತು ತೊಂಬತ್ತು ತಟ್ಟೆ ಎಂದರೆ ಇಪ್ಪತ್ತು ಕಿಲೋ ಹತ್ತಿರದ ಭಾರ. ಮನೆಯಲ್ಲಿ ಸಾವಿರ ಇದ್ದರೂ ಆ ರಾತ್ರಿಗೆ ಇಷ್ಟೇ. ಅಂದರೆ ಡಿಜೆ ಹೊರಡುವ ಮೊದಲೇ ಯಾರಿಗಾಗಿ, ಎಲ್ಲಿ, ಯಾಕೆ ಎಂದು ಯೋಚಿಸಲೇಬೇಕು.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡಿಜೆ ಎಂಬ ಶಬ್ದ ಕೇಳುವುದಕ್ಕೂ ಬಹಳ ಮೊದಲು ನಮ್ಮೂರಿನಲ್ಲಿ ಮೈಕ್ ಸೆಟ್ ಸಾಹೇಬರಿದ್ದರು. ಎಂಬತ್ತರ ದಶಕದ ಕೊನೆ, ಎಲ್ಲರೂ ಕ್ಯಾಸೆಟ್ಟಿಗೆ ಹೋಗಿದ್ದರೂ ಇವರು ತಟ್ಟೆ ಬಿಟ್ಟಿರಲಿಲ್ಲ. ಮದುವೆಮನೆಗೆ ಎರಡು ಕಹಳೆ, ಒಂದು ಆಂಪ್ಲಿಫೈಯರ್, ತಗಡಿನ ಟ್ರಂಕಿನಲ್ಲಿ ಐವತ್ತು ಅರವತ್ತು ಪ್ಲೇಟು. ಯಾವ ಪ್ಲೇಟಿನಲ್ಲಿ ಮುಳ್ಳು ಎಲ್ಲಿ ಹಾರುತ್ತದೆ ಎಂದು ಅವರಿಗೆ ಗೊತ್ತಿತ್ತು, ಅಲ್ಲಿಗೆ ಬರುವಷ್ಟರಲ್ಲಿ ನಾಲ್ಕಾಣೆ ತೆಗೆದು ಮುಳ್ಳಿನ ತಲೆಯ ಮೇಲಿಡುತ್ತಿದ್ದರು. ಅವರಿಗೆ ಸಹಾಯ ಮಾಡುವ ನೆಪದಲ್ಲಿ ನಾನು ಟ್ರಂಕಿನ ಪಕ್ಕ ಕೂರುತ್ತಿದ್ದೆ.

ನಮ್ಮ ಬೀದಿಯ ಒಂದು ಮದುವೆ. ಹುಡುಗಿಯ ತಂದೆ ನಾಲ್ಕು ತಿಂಗಳ ಹಿಂದೆ ತೀರಿಕೊಂಡಿದ್ದರು. ರುಖ್ಸತಿಯ ಹೊತ್ತಿಗೆ ಯಾರೋ ಬಂದು, 1968ರ ‘ನೀಲ್ ಕಮಲ್’ ಚಿತ್ರದಲ್ಲಿ ರಫಿ ಸಾಹೇಬರು ಹಾಡಿರುವ, ಮಗಳನ್ನು ಬೀಳ್ಕೊಡುವ ತಂದೆಯ ಹಾಡು ಹಾಕಿ ಎಂದರು. ಆ ಹಾಡಿಲ್ಲದೆ ನಮ್ಮ ಕಡೆ ಮಗಳು ಹೊರಡುವುದೇ ಇಲ್ಲ. ‘ಆ ಪ್ಲೇಟು ತಂದಿಲ್ಲ’ ಎಂದರು ಸಾಹೇಬರು. ಬಂದವರು ಬೈದುಕೊಂಡು ಹೋದರು. ಪ್ರತಿ ಮದುವೆಗೂ ತರುವ ಪ್ಲೇಟು ಅದು. ಆಮೇಲೆ ತಂತಿ ಸುತ್ತುವಾಗ ಕೇಳಿದೆ. ‘ಮನೇಲಿ ಬಿಟ್ಟು ಬಂದೆ ಮಗನೇ. ಟ್ರಂಕಿನಲ್ಲಿದ್ದರೆ ಯಾರಾದರೂ ಹಾಕಿಸಿಬಿಡ್ತಾರೆ. ನನಗೆ ಇಲ್ಲ ಅನ್ನೋಕೆ ಬರಲ್ಲ.’

ಇಷ್ಟು ವರ್ಷ ಈ ಘಟನೆಯನ್ನು ನಾನು ಅವರ ಕರುಣೆಯ ಕಥೆ ಎಂದೇ ನೆನಪಿಟ್ಟುಕೊಂಡಿದ್ದೆ. ಹುಡುಗನ ಪ್ರಶ್ನೆಯ ನಂತರ ಕೊನೆಯ ಮಾತು ಬೇರೆಯಾಗಿ ಕೇಳಿಸುತ್ತಿದೆ. ಇಲ್ಲ ಎನ್ನಲು ಬಾರದ ಒಬ್ಬ ಮೆದು ಮನುಷ್ಯನ ಪರವಾಗಿ ತಟ್ಟೆಯ ಭಾರ, ಟ್ರಂಕಿನ ಅಳತೆ ಇಲ್ಲ ಎನ್ನುತ್ತಿದ್ದವು. ವಸ್ತುವಿನ ಮಿತಿ ಅವರ ಸಂಕೋಚಕ್ಕೆ ಮರೆಯಾಗಿತ್ತು. ಇಂದಿನ ಡಿಜೆಗೆ ಆ ಮರೆ ಇಲ್ಲ. ಬೆರಳುಗುರಿನಷ್ಟು ಪೆನ್‌ಡ್ರೈವಿನಲ್ಲಿ ಎಲ್ಲವೂ ಇದೆ, ಇಲ್ಲದ್ದನ್ನು ಇಂಟರ್ನೆಟ್ಟು ಕ್ಷಣದಲ್ಲಿ ಇಳಿಸುತ್ತದೆ. ‘ತಂದಿಲ್ಲ’ ಎಂಬ ಉತ್ತರವೇ ಅವನಿಗೆ ಉಳಿದಿಲ್ಲ. ‘ಹಾಕುವುದಿಲ್ಲ’ ಎಂದು ಮುಖ ನೋಡಿ ಹೇಳಬೇಕು, ಯಾಕೆಂದು ಕೇಳಿದರೆ ಕಾರಣ ಕೊಡಬೇಕು. ಹಿರಿಯ ಡಿಜೆ ಇವನ ಕೆಲಸ ಹಗುರ ಎಂದರು. ಬೆನ್ನಿಗೆ ಹಗುರ, ನಿಜ. ಇಪ್ಪತ್ತು ಕಿಲೋ ಬೆನ್ನಿಂದ ಇಳಿದು ಬೇರೆಲ್ಲೋ ಕೂತಿದೆ.

ಇದನ್ನೆಲ್ಲ ಹುಡುಗನಿಗೆ ಫೋನಿನಲ್ಲಿ ಹೇಳಲು ಹೋದೆ. ಅರ್ಧ ಕೇಳಿ, ‘ಅಂದ್ರೆ ನಾನು ವಿನೈಲ್ ತಗೋಬೇಕಾ ಮಾಮು?’ ಎಂದ.

‘ಬೇಡ. ನಿನ್ನ ಹತ್ತಿರ ಎಷ್ಟು ಹಾಡಿವೆ?’

‘ಇಪ್ಪತ್ತೆರಡು ಸಾವಿರ ಚಿಲ್ಲರೆ.’

ಒಂದೊಂದಕ್ಕೆ ಆರು ನಿಮಿಷವೆಂದರೂ ನಿದ್ದೆಯಿಲ್ಲದೆ ಮೂರು ತಿಂಗಳು ಕೇಳಬೇಕು. ‘ಅದರಲ್ಲಿ ಮೊದಲಿಂದ ಕೊನೇತನಕ ನೀನು ಕೇಳಿರೋದು ಎಷ್ಟು?’

ಅವನು ಉತ್ತರ ಕೊಡಲಿಲ್ಲ. ಬೇಸರವಾಯಿತೇನೋ ಎಂದುಕೊಂಡೆ.

ಎರಡು ತಿಂಗಳ ಮೇಲೆ ಒಂದು ರಾತ್ರಿ ಹನ್ನೊಂದು ದಾಟಿದ ಮೇಲೆ ಅವನೇ ಫೋನ್ ಮಾಡಿದ. ದಿನಾ ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ ಕೇಳುತ್ತಿದ್ದಾನಂತೆ. ಕೇಳಿದ್ದನ್ನು ಒಂದು ಫೋಲ್ಡರಿಗೆ ಹಾಕಿ, ಹಾಡಿದವರು, ನುಡಿಸಿದವರ ಹೆಸರು ಸಿಕ್ಕಷ್ಟು ಹುಡುಕಿ ಬರೆದಿಡುತ್ತಿದ್ದಾನಂತೆ. ಶನಿವಾರ ಆ ಫೋಲ್ಡರಿನಿಂದ ಮಾತ್ರ. ಸಿಂಕ್ ಬಟನ್ ಬಿಟ್ಟಿಲ್ಲ.

‘ಮುನ್ನೂರ ನಲವತ್ತಕ್ಕೆ ಬಂದಿದೀನಿ ಮಾಮು. ಒಂದು ಹಾಡಿದೆ, ನಾಲ್ಕು ವರ್ಷದಿಂದ ಹಾಕ್ತಿದೀನಿ. ಯಾವಾಗಲೂ ನಾಲ್ಕನೇ ನಿಮಿಷಕ್ಕೆ ಬೇರೆ ಹಾಡಿಗೆ ಹೋಗಿಬಿಡ್ತಿದ್ದೆ. ಐದನೇ ನಿಮಿಷದಲ್ಲಿ, ಎಲ್ಲ ವಾದ್ಯ ನಿಂತ ಮೇಲೆ, ಹಿಂದೆ ಯಾರೋ ಮೆಲ್ಲಗೆ ಕೆಮ್ಮುತ್ತಾರೆ.’